ಪುಕ್ಕಲು ಅತ್ತಿಗೆ ಕೊಚ್ಚಿಗೆ ಹೋದದ್ದು

ನನ್ನ ಅತ್ತಿಗೆ ಹೆದರದೇ ಇರುವ ವಸ್ತುವೊಂದನ್ನು ಈ ಭೂಮಿಯ ಮೇಲೆ ಹುಡುಕಿ ತಂದವರಿಗೆ ನಮ್ಮ ಹಿತ್ತಲಿನ ತೆಂಗಿನಮರ ಒಂದನ್ನು ಬರೆದುಕೊಡುತ್ತೇನೆ! ಮಕ್ಕಳೇ, ನೀವು ಮಾತ್ರ ಆ ಆಸೆಗೆ ಬೀಳಬೇಡಿ, ಸೋಲುತ್ತೀರಿ. ಮದುವೆಯಾಗಿ ಬಂದ ದಿನದಿಂದ ನಾನೂ ಹುಡುಕಿ ಸೋತಿದ್ದೇನೆ.

ಅತ್ತಿಗೆ ಎಂದರೆ ನಿಮ್ಮ ತಾತನ ಅಕ್ಕ, ನೀವೆಲ್ಲ ದೊಡ್ಡಜ್ಜಿ ಎಂದು ಕರೆಯುವವರು. ಅವರು ಗುಡುಗಿಗೆ ಹೆದರುತ್ತಾರೆ. ಅದರಲ್ಲೇನು ವಿಶೇಷ ಅನ್ನುತ್ತೀರಾ? ಗುಡುಗದ ಮೋಡಕ್ಕೆ ಇನ್ನೂ ಹೆಚ್ಚು ಹೆದರುತ್ತಾರೆ. "ಏನೋ ಮನಸ್ಸಲ್ಲಿಟ್ಕೊಂಡಿದೆ ಕಣೇ ಅದು" ಅಂತ! ಕುಕ್ಕರು ಕೂಗಿದರೆ ಬೆಚ್ಚಿಬೀಳುತ್ತಾರೆ, ಕೂಗದಿದ್ದರೆ ಸೀದಾ ಹಿತ್ತಲಿಗೆ ಓಡುತ್ತಾರೆ. ಫೋನು ಬಂದರೆ ಕೆಟ್ಟ ಸುದ್ದಿ. ಬರದಿದ್ದರೆ? ಕೆಟ್ಟ ಸುದ್ದಿಯನ್ನು ಮುಚ್ಚಿಡುತ್ತಿದ್ದಾರೆ!

ರೇಷ್ಮೆ ಹುಳುವಿಗೆ ಹೆದರುವುದಿಲ್ಲವಲ್ಲ ಎಂದು ನಿಮ್ಮಲ್ಲಿ ಯಾರೋ ಒಮ್ಮೆ ವಾದ ಮಾಡಿದ್ದಿರಿ. ನಿಜ, ಹುಳುವಿಗೆ ಹೆದರುವುದಿಲ್ಲ. ಹುಳುವಿನ ಪರವಾಗಿ ಹೆದರುತ್ತಾರೆ! ನಿಮ್ಮ ತಾತ ಹೋದ ಮೇಲೂ ನಾವಿಬ್ಬರು ಹುಳು ಸಾಕುವುದನ್ನು ಬಿಡಲಿಲ್ಲ. ಹುಳು ಇರುವ ಮನೆಗೆ ಇರುವೆ ಬರಬಾರದು, ಹಲ್ಲಿ ಬರಬಾರದು, ಘಾಟು ವಾಸನೆ ಬರಬಾರದು. ಇದು ನಮ್ಮ ದಿಬ್ಬೂರಹಳ್ಳಿ ಕಡೆ ಎಲ್ಲರೂ ಪಾಲಿಸುವುದೇ. ಆದರೆ ಸೆಂಟು ಹಾಕಿಕೊಂಡು ಬಂದ ನಿಮ್ಮ ಚಿಕ್ಕಪ್ಪನನ್ನು ಗೇಟಿನ ಹೊರಗೇ ನಿಲ್ಲಿಸಿ, ಬಕೆಟ್ಟಿನಲ್ಲಿ ನೀರು ಕೊಟ್ಟು, "ಮೊದ್ಲು ಮೈ ತೊಳ್ಕೊಳಪ್ಪ, ಪಾಪ, ಮೂಗು ಮುಚ್ಕೊಳ್ಳಣ ಅಂದ್ರೆ ಅವುಕ್ಕೆ ಕೈಯಾದ್ರೂ ಎಲ್ಲಿದೆ?" ಎಂದವರು ಈ ತಾಲ್ಲೂಕಿನಲ್ಲಿ ಇವರೊಬ್ಬರೇ ಇರಬೇಕು.

ಇಂಥವರ ಬಲಗಣ್ಣಿಗೆ ಪೊರೆ ಬಂತು.

ಮೊದಮೊದಲು ನಗುವಂತೆಯೇ ಇತ್ತು. ಬಾಗಿಲಲ್ಲಿದ್ದ ನೀಲಿ ಡ್ರಮ್ಮಿಗೆ "ಯಾಕಪ್ಪ ಅಲ್ಲೇ ನಿಂತೆ, ಬಾ, ಕಾಫಿ ಕುಡ್ಕೊಂಡು ಹೋಗು" ಎಂದು ಉಪಚಾರ ಮಾಡಿದರು. ಡ್ರಮ್ಮು ಉತ್ತರ ಕೊಡದ್ದಕ್ಕೆ, "ಯಾವ ಕೋಪಾನೋ ಏನೋ" ಎಂದು ಮಧ್ಯಾಹ್ನವೆಲ್ಲ ಹೆದರಿಕೊಂಡಿದ್ದರು. ಆಮೇಲೆ ಒಂದು ಸಂಜೆ ಅಂಗಳದ ಸಂಪಿನ ಮುಚ್ಚಳ ತೆಗೆದಿತ್ತು. ಅವರು ಸೊಪ್ಪಿನ ಹೊರೆ ಹೊತ್ತು ಸೀದಾ ಅದರತ್ತಲೇ ನಡೆದುಬಂದರು. ನಾನು ಸೆರಗು ಹಿಡಿದು ಎಳೆಯದಿದ್ದರೆ!

ಚಿಕ್ಕಬಳ್ಳಾಪುರದ ಡಾಕ್ಟರು ನೋಡಿ, "ಪೊರೆ ಗಟ್ಟಿಯಾಗ್ತಿದೆ. ಇನ್ನೂ ತಡ ಮಾಡಿದ್ರೆ ಈ ಕಣ್ಣಿನ ಆಸೆ ಬಿಡ್ಬೇಕಾಗುತ್ತೆ. ಇನ್ನೊಂದರಲ್ಲೂ ಶುರುವಾಗಿದೆ" ಎಂದರು. ಅತ್ತಿಗೆ ಒಪ್ಪಬೇಕಲ್ಲ! ಹುಳು ಇರುವಾಗ ಆಗುವುದಿಲ್ಲ. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಮೇಲೆ ಎಂದರು. ಗೂಡು ಹೋಯಿತು, ಅಷ್ಟರಲ್ಲಿ ಮುಂದಿನ ಬೆಳೆಯ ಹುಳು ಬಂತು. ಹೀಗೇ ಒಂದು ವರ್ಷ ಜಾರಿತು. ಒಂದು ಕಣ್ಣು ಕುರುಡಾಗುವುದನ್ನು ನಾನು ದಿನಾ ಎದುರಿಗೆ ಕೂತು ನೋಡುತ್ತಿದ್ದೆ. ನಾನೋ ಮೊದಲಿಂದ ಬಾಯಿಲ್ಲದವಳು. ಹೇಳಿದರೂ ಎಷ್ಟು ಹೇಳಿಯೇನು?

ಕೊನೆಗೆ ನಿಮ್ಮಲ್ಲಿ ದೊಡ್ಡವಳೇ, ಆ ಟೀಚರಮ್ಮನೇ, ವ್ಯಾಪಾರಕ್ಕೆ ಕೂತಳು.

"ದೊಡ್ಡಜ್ಜಿ, ಏನು ಕೊಟ್ರೆ ಆಪರೇಷನ್ ಮಾಡಿಸ್ಕೊಳ್ತೀಯ?"

"ಸಮುದ್ರ ತೋರ್ಸು. ಕಣ್ಣು ಹೋದ್ರೂ ನೋಡಿದ್ದಂಗಾದ್ರೂ ಇರುತ್ತೆ."

"ಸರಿ. ಶನಿವಾರ, ಭಾನುವಾರ ಕೊಚ್ಚಿ. ಮಂಗಳವಾರ ಆಸ್ಪತ್ರೆ. ಮಾತು ತಪ್ಪಂಗಿಲ್ಲ!"

ಅತ್ತಿಗೆ ಒಪ್ಪಿದರು. ಒಪ್ಪಿದ ಮರುಗಳಿಗೆಯಿಂದಲೇ ಕೊಚ್ಚಿಗೆ ಹೆದರತೊಡಗಿದರು.

ಶುಕ್ರವಾರ ಸಂಜೆ ನಾವು ಮೂವರೂ ಬೆಂಗಳೂರಿನಲ್ಲಿ ರೈಲು ಹತ್ತಿದೆವು. ನಮ್ಮ ಬೋಗಿ ನಡುದಾರಿಯಲ್ಲಿ ಕಳಚಿಕೊಂಡರೆ ಜೊತೆಗೆ ಜನ ಬೇಕಲ್ಲ? ಅತ್ತಿಗೆ ಸುತ್ತ ಕೂತವರನ್ನೆಲ್ಲ ವಿಚಾರಿಸಿಕೊಂಡರು. "ನೀವೂ ಕೊಚ್ಚಿಗೇ ತಾನೆ? ಮಧ್ಯೆ ಇಳ್ಯಲ್ಲ ತಾನೆ?" ಒಬ್ಬ ತ್ರಿಶೂರಿನಲ್ಲಿ ಇಳಿಯುತ್ತೇನೆ ಎಂದ. "ಯಾಕಪ್ಪ, ನಾವೇನ್ ಮಾಡಿದ್ವಿ ನಿಂಗೆ?" ಎಂದು ಕೇಳಿಯೇಬಿಟ್ಟರು! ಮಲಗುವಾಗ ನಾನು ಈ ಕಡೆಯ ಬರ್ತು, ಅವರು ಆ ಕಡೆಯದು. ನನ್ನ ಸೆರಗಿಗೂ ತಮ್ಮ ಸೆರಗಿಗೂ ಗಂಟು ಹಾಕಿದರು.

"ಈ ವಯಸ್ಸಲ್ಲಿ ನಮ್ಮಿಬ್ರಿಗೂ ಮದುವೆಯಾ ಅತ್ತಿಗೆ?" ಎಂದೆ.

"ನಗು, ನಗು. ಯಾರಾದ್ರೂ ನಿನ್ನ ಎತ್ಕೊಂಡು ಹೋದ್ರೆ ನಂಗೆ ಗೊತ್ತಾಗ್ಬೇಡ್ವಾ?"

ನನ್ನನ್ನು! ಎತ್ತಿಕೊಂಡು! ಯಾರಿಗೆ ಬಂದಿದೆ ಆ ಬಡತನ? ಬೆಳಿಗ್ಗೆ ಟೀ ಮಾರುವವನು ಬಂದು, ದಾರಿಗೆ ಅಡ್ಡ ಕಟ್ಟಿದ್ದ ಸೆರಗಿನ ಮುಂದೆ ನಿಂತು, ಚೆಕ್‌ಪೋಸ್ಟಿನಲ್ಲಿ ಲಾರಿ ಕಾಯುವಂತೆ ಕಾದ.

ನಾವು ಇಳಿದುಕೊಂಡದ್ದು ಒಬ್ಬ ಮಲಯಾಳಿ ಹೆಂಗಸು ಬಾಡಿಗೆಗೆ ಕೊಡುವ ಕೋಣೆಯಲ್ಲಿ. ಕನ್ನಡ ಬಾರದವರಿಗೆ ತೆಲುಗು ಬಂದೇ ಬರುತ್ತದೆ ಎನ್ನುವುದು ನಮ್ಮ ಕಡೆಯವರ ನಂಬಿಕೆ ತಾನೆ? ಅತ್ತಿಗೆ ಮಂಚ ನೋಡಿದವರೇ ಆಕೆಗೆ, "ಅಮ್ಮಾ, ನಾಲುಗು ಗಿನ್ನೆಲು ಇಯ್ಯಮ್ಮಾ" ಎಂದರು. ನಾಲ್ಕು ಬಟ್ಟಲು ಕೊಡಿ ಅಂತ. ಆಕೆ ಕಣ್ಣು ಕಣ್ಣು ಬಿಟ್ಟರು. ಅತ್ತಿಗೆ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿದರು. ಗಟ್ಟಿಯಾಗಿ ಹೇಳಿದರೆ ತೆಲುಗು ಯಾರಿಗಾದರೂ ಅರ್ಥವಾಗುತ್ತದಂತೆ! ದೊಡ್ಡವಳು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ ಮೇಲೆ ಬಟ್ಟಲು ಬಂದವು. ಅತ್ತಿಗೆ ಅವಕ್ಕೆ ನೀರು ತುಂಬಿ, ಮಂಚದ ಒಂದೊಂದು ಕಾಲನ್ನೂ ಒಂದೊಂದು ಬಟ್ಟಲಲ್ಲಿ ಇಳಿಸಿದರು. ನಮ್ಮಲ್ಲಿ ಹುಳುವಿನ ತಟ್ಟೆ ಜೋಡಿಸುವ ಸ್ಟ್ಯಾಂಡಿಗೆ ಇರುವೆ ಹತ್ತದಿರಲೆಂದು ಹೀಗೇ ಮಾಡುತ್ತೇವಲ್ಲ, ಹಾಗೆ.

"ನಾವೇನು ಹುಳುಗಳಾ ಅತ್ತಿಗೆ?"

"ಹುಳುಗಿಂತ ಹೆಚ್ಚಾ ನೀನು? ಪರ ಊರಿನ ಇರುವೆ ಕಣೇ, ಎಂಥದ್ದೋ ಏನೋ."

ಮರುದಿನ ಕೋಣೆ ಗುಡಿಸಲು ಬಂದ ಆ ತಾಯಿ, ಇದು ನಮ್ಮ ಕಡೆಯ ಯಾವುದೋ ವ್ರತ ಎಂದುಕೊಂಡು, ನಾಲ್ಕು ಬಟ್ಟಲಿಗೂ ಒಂದೊಂದು ದಾಸವಾಳ ತೇಲಿಬಿಟ್ಟು ಕೈ ಮುಗಿದು ಹೋಗಿದ್ದರು!

ಇನ್ನು ಸಮುದ್ರ. ಅದಕ್ಕೆಂದೇ ಬಂದದ್ದಲ್ಲವೇ? ಶನಿವಾರ ದೋಣಿ ಹತ್ತಿದೆವು. ಅತ್ತಿಗೆ ಹತ್ತಿದ ತಕ್ಷಣ ಎರಡು ಕಣ್ಣೂ ಮುಚ್ಚಿಕೊಂಡರು.

"ದೊಡ್ಡಜ್ಜಿ, ಕಣ್ಣು ಬಿಡು! ಸಮುದ್ರ!"

"ಇದೆ ಬಿಡು, ಗೊತ್ತಾಯ್ತು. ಸದ್ದು ಕೇಳ್ತಿದೆ."

ಬಹಳ ಹೊತ್ತಿನ ಮೇಲೆ ಬೆರಳ ಸಂದಿಯಿಂದ ಎಡಗಣ್ಣು ತೆರೆದು ನೋಡಿದರು. ನಮ್ಮ ಕಡೆ ಪ್ರತಿ ಕೆರೆಗೂ ಒಂದು ಏರಿ, ತೂಬು ಎತ್ತಿ ಇಳಿಸಿ ನೀರು ಕಾಯಲು ಒಬ್ಬ ನೀರುಗಂಟಿ. ಅದನ್ನೇ ನೋಡಿ ಬೆಳೆದವರು. "ಅಯ್ಯೋ, ಇಷ್ಟೊಂದು ನೀರು! ಒಂದು ಏರಿ ಇಲ್ಲ, ಕಟ್ಟೆ ಇಲ್ಲ! ಇದಕ್ಕೆ ನೀರುಗಂಟಿ ಯಾರೇ? ಅವನು ಮಲಗಿಬಿಟ್ರೆ?" ಎಂದರು. ನಿಜ ಹೇಳುತ್ತೇನೆ, ಆ ಮಾತು ಕೇಳಿದ ಮೇಲೆ ನಾನೂ ದೋಣಿಯ ಅಂಚು ಬಿಟ್ಟು ನಡುವಿಗೆ ಸರಿದು ಕೂತೆ.

ಭಾನುವಾರ ದೊಡ್ಡವಳು ನಮ್ಮನ್ನು ಯಹೂದಿಗಳ ಬೀದಿಗೆ ಕರೆದುಕೊಂಡು ಹೋದಳು. ಯಾವುದೋ ಕಾಲದಲ್ಲಿ ಹಡಗು ಹತ್ತಿ ಬಂದ ಜನ. ಇಲ್ಲಿನ ರಾಜ ತನ್ನ ಅರಮನೆಯ ಪಕ್ಕದಲ್ಲೇ ಜಾಗ ಕೊಟ್ಟನಂತೆ. ಕಿರಿದಾದ ಬೀದಿ, ಎರಡೂ ಕಡೆ ಅಂಟಿಕೊಂಡ ಮಹಡಿ ಮನೆಗಳು, ಮೆಣಸು ಶುಂಠಿಯ ಘಾಟು. ಬೀದಿಯ ಕೊನೆಯಲ್ಲಿ ಅವರ ಪ್ರಾರ್ಥನಾ ಮಂದಿರ. ಒಳಗೆ ತೂಗುವ ಬಣ್ಣಬಣ್ಣದ ಗಾಜಿನ ದೀಪಗಳು. ನೆಲಕ್ಕೆಲ್ಲ ಚೀನಾದಿಂದ ತರಿಸಿದ ಬಿಳಿ ಬಿಲ್ಲೆ, ಒಂದೊಂದರ ಮೇಲೂ ಕೈಯಲ್ಲೇ ಬರೆದ ನೀಲಿ ಚಿತ್ರ. ಒಂದರಂತೆ ಒಂದಿಲ್ಲವಂತೆ.

ಚಪ್ಪಲಿ ಬಿಟ್ಟು ಹೊಸ್ತಿಲ ಬಳಿ ಬಂದ ಅತ್ತಿಗೆ ಬಗ್ಗಿ ನೋಡಿ ಅಲ್ಲೇ ನಿಂತುಬಿಟ್ಟರು.

"ಯಾರೋ ಕಷ್ಟಪಟ್ಟು ಬಿಟ್ಟಿರೋ ರಂಗೋಲಿ. ಹೆಂಗೇ ತುಳಿಯೋದು?"

"ಅದು ಟೈಲ್ಸು ದೊಡ್ಡಜ್ಜಿ, ಅಳಿಸೋಗಲ್ಲ."

"ಅಳಿಸಲ್ಲ ಅಂದ್ರೆ ಇನ್ನೂ ಭಯ! ಬಿಟ್ಟೋರು ಇನ್ನೂ ನೋಡ್ತಾನೇ ಇರ್ತಾರೆ."

ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ಅತ್ತಿಗೆ ಒಂದು ದಾರಿ ಕಂಡುಕೊಂಡರು. ನನ್ನ ಕೈ ಹಿಡಿದು, ಎರಡು ಬಿಲ್ಲೆ ಸೇರುವ ಗೆರೆಯ ಮೇಲೆ, ಹಿಮ್ಮಡಿಗೆ ಬೆರಳು ತಾಗಿಸಿ, ಹಗ್ಗದ ಮೇಲೆ ನಡೆಯುವ ದೊಂಬರಂತೆ ಹೆಜ್ಜೆ ಇಟ್ಟರು. ನಾನೂ ಹಾಗೇ ಇಟ್ಟೆ, ಬೇರೆ ದಾರಿ ಏನಿತ್ತು? ಸ್ವಲ್ಪ ಹೊತ್ತಿನ ಮೇಲೆ ಹಿಂತಿರುಗಿ ನೋಡುತ್ತೇನೆ, ನಮ್ಮ ಹಿಂದಿದ್ದ ಬಿಳಿಯರ ಗುಂಪು ಪೂರ್ತಿಯಾಗಿ, ಇದೇ ಇಲ್ಲಿನ ಕಟ್ಟಳೆ ಎಂದುಕೊಂಡು, ಕೈ ಅಗಲಿಸಿ ಒಬ್ಬರ ಹಿಂದೊಬ್ಬರು ಗೆರೆಯ ಮೇಲೇ ನಡೆದು ಬರುತ್ತಿದೆ! ಬಾಗಿಲು ಕಾಯುವವನು ಬಾಯಿ ತೆರೆದವನು ಮುಚ್ಚಲಿಲ್ಲ. ಅವರಲ್ಲೊಬ್ಬ ಎತ್ತರದವನು ಅತ್ತಿಗೆಗೆ ತಲೆಬಾಗಿ ನಮಸ್ಕಾರ ಮಾಡಿದ. ಪಾಪ, ಊರಿಗೆ ಹೋಗಿ ಯಾರಿಗೆಲ್ಲ ಕಲಿಸಿದನೋ!

ಹೊರಗೆ ಬರುವಾಗ ದೊಡ್ಡವಳು ಆ ಬಾಗಿಲು ಕಾಯುವವನನ್ನು ಮಾತಿಗೆಳೆದಳು. ಅವನು ಹೇಳಿದ್ದನ್ನು ನಮಗೆ ಕನ್ನಡದಲ್ಲಿ ಹೇಳುತ್ತಾ ಹೋದಳು. ಅವರ ಪದ್ಧತಿಯಲ್ಲಿ ಹತ್ತು ಗಂಡಸರು ಸೇರಿದರೆ ಮಾತ್ರ ಪೂರ್ಣ ಪ್ರಾರ್ಥನೆಯಂತೆ. ಒಂದು ಕಾಲದಲ್ಲಿ ಬೀದಿ ತುಂಬ ಜನವಿದ್ದರು. ಆಮೇಲೆ ಮನೆಮನೆಯೇ ಬೀಗ ಹಾಕಿಕೊಂಡು ತಮ್ಮ ಹಳೆಯ ದೇಶಕ್ಕೆ ಹೊರಟುಹೋಯಿತು.

"ಈಗ ಹತ್ತು ಜನ ಇದಾರಾ ಕೇಳು" ಎಂದರು ಅತ್ತಿಗೆ.

ಅವನು ಇಲ್ಲವೆಂದು ತಲೆಯಾಡಿಸಿದ. ಹೊರಗಿನಿಂದ ಯಾರಾದರೂ ಬಂದರೆ ಉಂಟು.

"ಮತ್ತೆ ಕೊನೇಲಿ ಉಳ್ಕೊಂಡೋರ ಜೊತೆ ಯಾರಿರ್ತಾರೆ?"

ನಾನು ಬಗ್ಗಿ ನಮ್ಮ ಚಪ್ಪಲಿ ಹುಡುಕಿದೆ. ತಲೆ ಎತ್ತುವಷ್ಟರಲ್ಲಿ ಅತ್ತಿಗೆ ಇರಲಿಲ್ಲ.

ಬೀದಿ ತುಂಬ ಜನ. ಒಂದು ಕಣ್ಣು ಪೂರ್ತಿ ಮಂಜು, ಇನ್ನೊಂದು ಅರ್ಧ. ಕಾಲಲ್ಲಿ ಚಪ್ಪಲಿಯೂ ಇಲ್ಲ. ಬೀದಿ ಮುಗಿದರೆ ನೀರು, ಏರಿಯಿಲ್ಲದ ನೀರು. ದೊಡ್ಡವಳು ಒಂದು ಕಡೆ ಓಡಿದಳು. ನಾನು ಇನ್ನೊಂದು ಕಡೆ ಹೊರಟೆ. ಅಪರಿಚಿತರ ಎದುರು ಒಂದು ಮಾತೂ ಆಡದ ನಾನು ಆ ಬೀದಿಯಲ್ಲಿ "ಅತ್ತಿಗೆ! ಅತ್ತಿಗೇ!" ಎಂದು ಕೂಗಿಕೊಂಡು ಹೋದೆ. ಅಂಗಡಿಯವರೆಲ್ಲ ಹೊರಗೆ ಬಂದು ನೋಡಿದರು. ನಾಚಿಕೆ ಯಾಕೋ ಆಗಲಿಲ್ಲ.

ಬೀಗ ಹಾಕಿದ ಒಂದು ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಪಕ್ಕದಲ್ಲಿ ಕುಸಿದೆ. ಅವರು ನನ್ನ ಕೈಯಿಂದ ಚಪ್ಪಲಿ ಬಿಡಿಸಿಕೊಂಡರು.

"ನೋಡು, ಒಂದು ಗಳಿಗೆ ಕಾಣ್ಲಿಲ್ಲ ಅಂದಿದ್ದಕ್ಕೇ ನನ್ನ ಚಪ್ಪಲಿ ಎದೆಗೆ ಅವುಚ್ಕೊಂಡು ಓಡ್ಬಂದಿದೀಯ. ಮಂಗಳವಾರ ನನ್ನ ಹಿಂದೆ ಆ ಬಾಗಿಲು ಹಾಕ್ಕೊಂಡ್ರೆ ಏನ್ ಮಾಡ್ತೀಯ?"

"ಯಾವ ಬಾಗಿಲು ಅತ್ತಿಗೆ?"

"ಆಪರೇಷನ್ ಬಾಗಿಲು ಕಣೇ. ನಮ್ಮ ತಮ್ಮ ಆವತ್ತು ನಡ್ಕೊಂಡೇ ಒಳಗೋದ. ನೀನು ಹೊರಗೆ ಬೆಂಚಿನ ಮೇಲೆ ಕೂತೆ. ಸಾಯಂಕಾಲ ಡಾಕ್ಟ್ರು ಬಂದು ಹೇಳಿದ್ಮೇಲೂ ಏಳ್ಲಿಲ್ಲ ನೀನು. ಬೆಂಚಿನ ಕಂಬಿ ಹಿಡ್ಕೊಂಡಿದ್ದ ನಿನ್ನ ಬೆರಳು ಒಂದೊಂದಾಗಿ ಬಿಡಿಸ್ದೆ ನಾನು." ಚಪ್ಪಲಿ ಕಾಲಿಗೆ ಹಾಕಿಕೊಂಡರು. "ಕತ್ತಿ ಭಯ ಅಲ್ಲ ಕಣೇ ನಂಗೆ. ನಿನ್ನ ಇನ್ನೊಂದ್ಸಲ ಆ ಬೆಂಚಿನ ಮೇಲೆ ಹೆಂಗೆ ಕೂರಿಸ್ಲಿ?"

ಒಂದು ವರ್ಷ ಹುಳುವಿನ ನೆಪ, ಗೂಡಿನ ನೆಪ, ಸಮುದ್ರದ ನೆಪ! ನಾನು ಮುಖ ಆ ಕಡೆ ತಿರುಗಿಸಿಕೊಂಡೆ.

"ಹಂಗಾದ್ರೆ ಕೂರಲ್ಲ ಬಿಡಿ. ನಿಂತೇ ಇರ್ತೀನಿ" ಎಂದೆ.

"ಮಂಡಿ ನೋವಿಟ್ಕೊಂಡು? ಬಿದ್ದುಗಿದ್ದರೆ?" ಅತ್ತಿಗೆಗೆ ಹೊಸದೊಂದು ಹೆದರಿಕೆ ಸಿಕ್ಕಿತು. "ಬೇಡ ಬೇಡ. ಕೂತ್ಕೋ. ನಾನೇ ಬೇಗ ಬಂದ್ಬಿಡ್ತೀನಿ."

ಮಂಗಳವಾರ ಅತ್ತಿಗೆ ಹಸಿರು ಬಟ್ಟೆ ಹಾಕಿಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು. ದೊಡ್ಡವಳು ಔಷಧಿ ಅಂಗಡಿಗೆ ಹೋಗಿದ್ದಳು. ನಾನು ಬೆಂಚಿನ ಮೇಲೆ ಕೂತೆ. ಸ್ಪಿರಿಟ್ಟಿನ ಅದೇ ವಾಸನೆ. ಕಂಬಿ ಹಿಡಿಯಬಾರದು ಎಂದು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಕಣ್ಣಿನ ಪೊರೆ ತೆಗೆಯುವುದು ಏನು ಮಹಾ, ದಿನಾ ಎಷ್ಟೋ ಜನಕ್ಕೆ ತೆಗೆಯುತ್ತಾರೆ ಎಂದು ನನಗೂ ಗೊತ್ತು. ಎದೆಗೆ ಗೊತ್ತಾಗಬೇಕಲ್ಲ?

ಬಾಗಿಲು ತೆರೆಯಿತು. ನರ್ಸಮ್ಮ ಹೊರಗೆ ಬಂದು ಆ ಕಡೆ ಈ ಕಡೆ ನೋಡಿದಳು.

"ಇಲ್ಲಿ ದಿಬ್ಬೂರಹಳ್ಳಿ ಕಡೆಯ ಅಜ್ಜಿ ಜೊತೆ ಬಂದಿರೋ ಹುಡುಗಿ ಯಾರು?"

ಯಾರೂ ಏಳಲಿಲ್ಲ.

"ಕಣ್ಣಿಗೆ ಔಷಧಿ ಬಿಡೋಕೇ ಬಿಡ್ತಿಲ್ಲ ಆ ಅಜ್ಜಿ. ಹೊರಗೆ ನಮ್ಮನೆ ಹುಡುಗಿ ಒಬ್ಬಳೇ ಕೂತಿದಾಳೆ, ಬಲು ಪುಕ್ಕಲು, ಮೊದ್ಲು ಅವಳನ್ನ ನೋಡ್ಕೊಂಡು ಬಾ ಅಂತ ಹಟ ಹಿಡಿದಿದಾರೆ."

ನಾನು ಕೈ ಎತ್ತಿದೆ. "ನಾನೇ ಕಣಮ್ಮ" ಎಂದೆ.

ಅವಳು ನನ್ನ ಬಿಳಿ ಕೂದಲನ್ನು ನೋಡಿದಳು. ನಗಲಿಲ್ಲ. ಹತ್ತಿರ ಬಂದು ಭುಜ ಒಮ್ಮೆ ಮುಟ್ಟಿ ಒಳಗೆ ಹೋದಳು. ಬಾಗಿಲು ಪೂರ್ತಿ ಮುಚ್ಚುವ ಮೊದಲು ಅವಳ ದನಿ ಕೇಳಿಸಿತು, "ಇದಾಳೆ ಅಜ್ಜಿ, ಚೆನ್ನಾಗಿದಾಳೆ." ಅದರ ಹಿಂದೆಯೇ ಅತ್ತಿಗೆಯ ದನಿ:

"ಹಂಗಾದ್ರೆ ಸರಿ. ಬಿಡಮ್ಮ ಔಷಧಿ."