ಸಾಕಂತೆ ದೊಡ್ಡವ್ವ!

ಹಾಸನದಲ್ಲಿ ಟ್ರಾವೆಲ್ಸ್ ಇಟ್ಟುಕೊಂಡಿದ್ದ ಶಿವಕುಮಾರ್ ಮುಂದೆ, ಗೈಡ್ ಕೆಲಸಕ್ಕೆಂದು ದಿನಾ ಅಲೆಯುತ್ತಿದ್ದ ಧರ್ಮೇಂದ್ರ “ನಂಗೆ ಸ್ಪ್ಯಾನಿಷ್ ಬತ್ತದೆ ಸಾ” ಎಂದು ಕೊಚ್ಚಿಕೊಂಡದ್ದೇ ತಪ್ಪಾಯಿತು. ಮೊಬೈಲ್ ನೋಡಿ ಕಲಿತದ್ದು ಬೆರಳೆಣಿಕೆಯ ಮಾತು. ಅದರಲ್ಲೂ ತಡವರಿಸದೆ ಬರುತ್ತಿದ್ದದ್ದು ‘ನನ್ನ ಚಿಕ್ಕಪ್ಪನ ಬೆಕ್ಕು ಹಾಲು ಕುಡಿಯುತ್ತದೆ’ ಎಂಬ ಒಂದೇ ವಾಕ್ಯ. ಅಷ್ಟರಲ್ಲಿ ಸ್ಪೇನಿನಿಂದ ಪಿಲಾರ್ ಎಂಬ ಹೆಂಗಸು ಬಂದಿಳಿದಳು.

“ದೊಡ್ಡಗದ್ದವಳ್ಳಿ ದೇವಸ್ಥಾನ ತೋರಿಸ್ಕೊಂಡು ಬಾ. ಆಮೇಲೆ ಅವರನ್ನೇ ಕೇಳ್ತೀನಿ. ಚೆನ್ನಾಗಿದಾನೆ ಅಂದ್ರೆ ಗೈಡ್ ಕೆಲಸ ನಿಂದೇ” ಎಂದರು ಶಿವಕುಮಾರ್.

ದೇವಸ್ಥಾನದಲ್ಲಿ ಅವಳು ಕೇಳಿದ್ದಕ್ಕೆಲ್ಲ ಧರ್ಮೇಂದ್ರ “ಸೀ, ಸೀ” ಎಂದ. ಹಾಗಂದರೆ ಹೌದು ಎಂದರ್ಥ. ಕಟ್ಟಿಸಿದ್ದು ಯಾರು ಎಂದು ಕೇಳಿದಾಗಲೂ ಹೌದು ಎಂದಿರಬೇಕು, ಪಾಪ, ಅವನಿಗೇನು ಗೊತ್ತು? ಕಡೆಗೆ ಅವಳು ಹೊಟ್ಟೆ ಮುಟ್ಟಿಕೊಂಡಳು. ಅದೊಂದು ಅರ್ಥವಾಯಿತು. ಅದೇ ಊರಿನಲ್ಲಿದ್ದ ದೊಡ್ಡವ್ವ ಸುಬ್ಬಮ್ಮನ ಮನೆಗೆ ಕರೆದೊಯ್ದ.

ಸುಬ್ಬಮ್ಮ ಮುದ್ದೆ ಇಕ್ಕಿ ಸೊಪ್ಪಿನ ಸಾರು ಬಿಟ್ಟಳು. ವಿಷಯ ತಿಳಿದು ಓಡಿ ಬಂದ ಪಕ್ಕದ ಮನೆ ಬಸವಲಿಂಗಮ್ಮ ಬಾಗಿಲಲ್ಲೇ ಕೂಗಿದಳು: “ಅಯ್ಯೋ, ಮುದ್ದೇನ ಅಗೀತಾವ್ಳಲ್ಲಾ! ನುಂಗು ಅಂತ ಏಳ್ಲಾ!”

ಮೊಬೈಲು ನುಂಗುವುದನ್ನು ಕಲಿಸಿರಲಿಲ್ಲ. ಧರ್ಮೇಂದ್ರ ತಾನೇ ಗಂಟಲು ಕುಣಿಸಿ ತೋರಿಸಿದ. ಹೇಗೋ ಒಂದು ಮುದ್ದೆ ಇಳಿಸಿದ ಪಿಲಾರ್ ತಟ್ಟೆಗೆ ಕೈ ಅಡ್ಡ ಹಿಡಿದು “ಬಾಸ್ತಾ!” ಎಂದಳು. ಸದ್ಯ, ಇದು ಅವನಿಗೆ ಗೊತ್ತಿತ್ತು!

“ಸಾಕು! ಸಾಕಂತೆ ದೊಡ್ಡವ್ವ!”

“ಸಾಕು ಅಂದೋರ್ಗೇ ಇಕ್ಬೇಕು ಕಣ್ಲಾ. ಬೇಕು ಅಂತ ಯಾವ ನೆಂಟ್ರು ಬಾಯ್ಬುಟ್ಟು ಕೇಳ್ತಾರೆ?” ಎಂದು ಸುಬ್ಬಮ್ಮ ಇನ್ನೊಂದು ಮುದ್ದೆ ಇಕ್ಕಿದಳು.

“ಗ್ರಾಸಿಯಾಸ್… ಬಾಸ್ತಾ!”

“ಥ್ಯಾಂಕ್ಸ್ ಅಂತವ್ರೆ. ಸಾಕಂತೆ. ಸಾಕು!”

“ಉಣ್ಣಾಕಿಕ್ಕಿದ್ಕೆ ಥ್ಯಾಂಕ್ಸಾ? ನಾವೇನು ಓಟ್ಲು ಮಡಗಿದ್ದೀವಾ?” ಬಸವಲಿಂಗಮ್ಮನಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಮನೆಗೆ ಓಡಿ ಪಾಯಸ ತಂದು ಸುರಿದಳು.

ಪಿಲಾರ್ ಕಕ್ಕಾಬಿಕ್ಕಿಯಾಗಿ ಒಮ್ಮೆ ಅವನ ಬಾಯಿ, ಒಮ್ಮೆ ತನ್ನ ತಟ್ಟೆ ನೋಡಿದಳು. ಆಮೇಲೆ ಮೆಲ್ಲಗೆ “ಸಾಕು” ಎಂದು ತಾನೇ ಅಂದು ನೋಡಿದಳು. ಸುಬ್ಬಮ್ಮ ಹಿಗ್ಗಿ ಒಂದು ಸೌಟು ತುಪ್ಪ ಬಿಟ್ಟಳು. ಪಿಲಾರ್ ಏನೋ ತಿಳಿದವಳಂತೆ ತಲೆಯಾಡಿಸಿದಳು.

ಇನ್ನೂ ಕೈ ತೊಳೆದಿರಲಿಲ್ಲ, ಶಿವಕುಮಾರ್ ಫೋನ್ ಬಂತು. ಧರ್ಮೇಂದ್ರ ಸ್ಪೀಕರ್ ಹಾಕಿ ಫೋನನ್ನು ಅವಳ ಮುಂದೆ ಹಿಡಿದ.

“ಮೇಡಂ, ಧರ್ಮೇಂದ್ರ… ಗುಡ್ ಗೈಡಾ?” ಎಂದು ಶಿವಕುಮಾರ್ ಕೇಳಿದರು.

ಪಿಲಾರ್ ಅವನ ಬೆನ್ನು ತಟ್ಟಿದಳು. ಇಷ್ಟು ಉಪಚಾರ ಮಾಡಿಸಿದವನನ್ನು ಅವನ ಭಾಷೆಯಲ್ಲೇ ಹೊಗಳಬೇಕೆನಿಸಿತೇನೋ, ಬಾಯಿ ತುಂಬ ಹೇಳಿದಳು: “ಧರ್ಮೇಂದ್ರ ಸಾಕು! ಸಾಕು, ಸಾಕು!”

ಶಿವಕುಮಾರ್ ಧರ್ಮೇಂದ್ರನ ಮೇಲೆ ಹರಿಹಾಯ್ದರು.

“ಎಷ್ಟು ಗೋಳು ಹುಯ್ಕೊಂಡಿದ್ರೆ ಆ ಯಮ್ಮ ಕನ್ನಡ ಕಲ್ತು ಸಾಕು ಅಂತಾರಯ್ಯಾ! ನಾಳೆಯಿಂದ ಬರಬೇಡ.”

“ಸಾ, ಸಾಕು ಅಂದ್ರೆ ಇನ್ನೂ ಬೇಕು ಅಂತ ಸಾ!”

“ಈಗ ನಂಗೆ ಕನ್ನಡಾನೂ ಹೇಳ್ಕೊಡ್ತೀಯಾ?” ಫೋನು ಕಟ್ಟಾಯಿತು.

ಧರ್ಮೇಂದ್ರ ಕಂಬಕ್ಕೊರಗಿ ಕುಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಕಣ್ಣಲ್ಲಿ ನೀರೇ ಬಂತು. ಸುಬ್ಬಮ್ಮ ಅವನ ಮುಂದೆ ತಟ್ಟೆ ಇಟ್ಟು, “ಓಗ್ಲಿ ಬುಡ್ಲಾ, ಮೊದ್ಲು ಉಣ್ಣು” ಎಂದಳು. ಅರ್ಧ ಮುದ್ದೆ ತಿಂದು ತಟ್ಟೆ ಸರಿಸಿದ.

“ಸಾಕು ದೊಡ್ಡವ್ವ” ಎಂದ.

ಪಿಲಾರ್ ನಗುತ್ತಾ ಎದ್ದು ಬಂದು ಇನ್ನೊಂದು ಮುದ್ದೆ ಇಕ್ಕಿದಳು.