ಪೆಟ್ಟಿ ಕೇಸಿನ ಪೆಟ್ಟಿಗೆ

ಇಡೀ ಹೊಸದುರ್ಗ ತಾಲೂಕಿನಲ್ಲಿ ನಮ್ಮ ಸೋದರಮಾವನಂಥ ಭಾರಿ ಅಪರಾಧಿ ಇನ್ನೊಬ್ಬನಿರಲಿಲ್ಲ! ಇದು ನಾನು ಹೇಳುವ ಮಾತಲ್ಲ, ಸ್ವತಃ ಅವನೇ ನಂಬಿದ್ದ ಮಾತು. ಅಪರಾಧ ಏನು ಅಂತೀರಾ? ದೀಪವಿಲ್ಲದ ಸೈಕಲ್ ತುಳಿದದ್ದು.

ಮೊದಲು ಅವನ ಗುಣ ಹೇಳಬೇಕು. ಮತ್ತೋಡಿನ ಹತ್ತಿರ ಕುರಿ ಮೇಯಿಸಿಕೊಂಡು, ಒಂದಿಷ್ಟು ಹೊಲ ಮಾಡಿಕೊಂಡಿದ್ದ ಈ ಮನುಷ್ಯನಿಗೆ ಯಾರಾದರೂ ಏನಾದರೂ ಹೇಳಿದರೆ ಮುಗಿಯಿತು, ಅಷ್ಟನ್ನೇ ಮಾಡುತ್ತಿದ್ದ. ನಾನು ಚಿತ್ರದುರ್ಗದಲ್ಲಿ ಕಾಲೇಜು ಓದುತ್ತಿದ್ದಾಗ ಒಮ್ಮೆ ಅವನನ್ನು ಅಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು "ಬಾಯಿ ತೆಗೀರಿ" ಅಂದರು, ಗಂಟಲು ನೋಡಿದರು, ಔಷಧಿ ಬರೆದುಕೊಟ್ಟರು. ಬಸ್ ಸ್ಟ್ಯಾಂಡ್ ಮುಟ್ಟಿದರೂ ಮಾವನ ಬಾಯಿ ತೆರೆದೇ ಇತ್ತು. "ಮುಚ್ಚು ಮಾರಾಯ!" ಅಂದೆ. ಮುಚ್ಚಿಕೊಂಡು, "ಅವ್ರು ಮುಚ್ಚು ಅಂತ ಹೇಳ್ಳೇ ಇಲ್ವಲ್ಲೋ ಅಳಿಯಾ" ಅಂದ. ನೊಣ ಹೊಕ್ಕಿದ್ದರೆ ಯಾರು ಹೊಣೆ?

ಇಂಥವನು ಒಂದು ದಿನ ಊಟಕ್ಕೆ ಕೂತು, ಸಾರಿಗೆ ಉಪ್ಪೇ ಇಲ್ಲ ಅಂದ. ಅತ್ತೆಗೆ ರೇಗಿತು. "ಇನ್ಮ್ಯಾಲೆ ನನ್ನ ಕೂಡ ಮಾತಾಡಬ್ಯಾಡ" ಅಂದಳು. ಸಂಸಾರದಲ್ಲಿ ಬರುವ ಮಾತೇ ತಾನೇ? ನೀವಾಗಿದ್ದರೆ ಸಂಜೆಗೆ ಮರೆಯುತ್ತಿದ್ದಿರಿ. ಮಾವ ಮಾತು ನಿಲ್ಲಿಸಿಯೇಬಿಟ್ಟ! ಅತ್ತೆಗೂ ಹಟ, ತಾನಾಗಿ ಮಾತಾಡಿಸಲಿಲ್ಲ. ಅಂದಿನಿಂದ ಆ ಮನೆಯ ವ್ಯವಹಾರವೆಲ್ಲ ಅಂಗಳದ ಟಗರಿನ ಮೂಲಕ ನಡೆಯತೊಡಗಿತು. "ಉಣ್ಣಾಕೆ ಬರ್ಬೇಕಂತೆ ಹೇಳು" ಅಂತ ಅತ್ತೆ ಟಗರಿಗೆ ಹೇಳುವಳು. "ಹಸಿವಿಲ್ಲಂತೆ ಹೇಳೋ" ಅಂತ ಮಾವ ಅದೇ ಟಗರಿಗೆ ಹೇಳುವನು. ಪಾಪ, ಅದು ಇಬ್ಬರ ಮುಖವನ್ನೂ ನೋಡಿ ಮೆಲುಕು ಹಾಕುತ್ತಿತ್ತು. ಊರೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ, ಆದರೆ ಅವರಿಬ್ಬರ ನಡುವೆ ಊಟಕ್ಕೆ ಕೂತರೆ ಬೇಗ ಬೇಗ ಉಂಡು ಎದ್ದುಬಿಡುತ್ತಿದ್ದೆ.

ಹೀಗಿರುವಾಗಲೇ ಒಂದು ಮುಸ್ಸಂಜೆ ಹೊಸದುರ್ಗದಲ್ಲಿ ಪೊಲೀಸಿನವನೊಬ್ಬ ಮಾವನ ಸೈಕಲ್ ಹಿಡಿದ.

"ದೀಪ ಎಲ್ಲೈತಪ್ಪಾ?"

"ನಂಗೆ ದಾರಿ ಕಾಣ್ತೈತೆ ಸಾಮಿ."

"ನಿಂಗೆ ಕಂಡ್ರೆ ಸಾಲ್ದು, ನೀನು ಬ್ಯಾರೆಯೋರಿಗೆ ಕಾಣ್ಬೇಕು."

"ನನ್ನ ಯಾರು ನೋಡ್ತಾರೆ ಸಾಮಿ? ಹೆಂಡ್ತೀನೇ ನೋಡಲ್ಲ!"

ಪೊಲೀಸಿನವನು ನಗಲಿಲ್ಲ. "ನಿಂದು ಪೆಟ್ಟಿ ಕೇಸು. ಸೋಮವಾರ ಕೋರ್ಟಿಗೆ ಬಾ" ಅಂದ.

ಪೆಟ್ಟಿ ಕೇಸು ಅಂದರೇನು? ಊರಿನ ಟೈಲರ್ ಅದನ್ನು ಪೆಟ್ಟು ಕೊಡುವ ಕೇಸು ಅಂದ. ಮಾವ ಒಪ್ಪಲಿಲ್ಲ. "ಅವ್ನು ಪೆಟ್ಟು ಅನ್ಲಿಲ್ಲ, ಪೆಟ್ಟಿ ಅಂದ. ಪೆಟ್ಟಿ ಅಂದ್ರೆ ಟ್ರಂಕು. ಟ್ರಂಕು ತಗಂಡು ಬಾ ಅಂದ್ರೆ ವರ್ಷಗಟ್ಟಲೆ ಒಳಗಾಕ್ತಾರೆ ಅಂತ್ಲೇ ಅರ್ಥ!" ಎಂಥ ತರ್ಕ ನೋಡಿ! ಅದು ಎಮರ್ಜೆನ್ಸಿಯ ಕಾಲ ಬೇರೆ. ಯಾರನ್ನು ಬೇಕಾದರೂ ಹಿಡಿದು ಹಾಕುತ್ತಾರೆ ಎಂಬ ಸುದ್ದಿ ಹಳ್ಳಿಗೂ ಬಂದಿತ್ತು. ಮಾವ ಟಗರಿನ ಮುಂದೆ ಕೂತು, "ನಾನು ಜೈಲಿಗೆ ಹೊಂಟಿದೀನಂತೆ, ಪೆಟ್ಟಿ ಕಟ್ಬೇಕಂತೆ ಹೇಳೋ" ಅಂದನಂತೆ. ಅತ್ತೆ ಎದ್ದು ಒಳಗೆ ಹೋಗಿ ಟ್ರಂಕು ತುಂಬಿದಳಂತೆ.

ಸುದ್ದಿ ಕೇಳಿ ನಾನು ಸೋಮವಾರ ಬಸ್ ಹಿಡಿದು ಓಡಿದೆ. ಕೋರ್ಟಿನೊಳಗೆ ಮಾವ ತಲೆಯ ಮೇಲೆ ಮದುವೆಯ ಟ್ರಂಕು ಹೊತ್ತು ನಿಂತಿದ್ದ. ಬಾಗಿಲ ಬಳಿ ಅತ್ತೆ.

"ಅದೇನಯ್ಯಾ ತಲೆ ಮೇಲೆ?" ಅಂದರು ಮ್ಯಾಜಿಸ್ಟ್ರೇಟರು.

"ಪೆಟ್ಟಿ ಸಾಮಿ. ಕೇಸಿನ ಪೆಟ್ಟಿ."

ಕರಿಕೋಟಿನವರೆಲ್ಲ ಬಿದ್ದು ಬಿದ್ದು ನಕ್ಕರು. ಮ್ಯಾಜಿಸ್ಟ್ರೇಟರು ನಗು ತಡೆದುಕೊಂಡು, "ಪೆಟ್ಟಿ ಅಂದ್ರೆ ಇಂಗ್ಲಿಷಿನಲ್ಲಿ ಸಣ್ಣದು ಅಂತ ಕಣಯ್ಯಾ. ಸಣ್ಣ ತಪ್ಪು, ಸಣ್ಣ ದಂಡ. ಕಟ್ಟಿ ಮನೆಗೆ ಹೋಗು" ಅಂದರು.

"ಮತ್ತೆ ಜೈಲು?"

"ಅದಕ್ಕೆ ನೀನು ಇನ್ನೂ ದೊಡ್ಡದೇನಾದ್ರೂ ಮಾಡ್ಬೇಕು."

ಅಬ್ಬಾ! ಮಾವನಿಗಿಂತ ಹೆಚ್ಚಾಗಿ ನನಗೇ ಜೀವ ಬಂದಂತಾಯಿತು. ದಂಡ ಕಟ್ಟಿ ಹೊರಗೆ ಬಂದು ಬೇವಿನ ಮರದ ನೆರಳಲ್ಲಿ ಕೂತೆವು. ಹೆದರಿಕೆ ಹೋದದ್ದೇ ಮಾವನಿಗೆ ಹಸಿವು ಕಾಣಿಸಿತು. ರೊಟ್ಟಿ ಇಟ್ಟಿರಬಹುದು ಅಂತ ಟ್ರಂಕು ತೆಗೆದ. ಮೇಲೆ ರೊಟ್ಟಿಯ ಗಂಟು, ಕಂಬಳಿ, ಅವನ ಪಂಚೆ. ಅದರ ಕೆಳಗೆ ಎರಡು ಸೀರೆ, ಒಂದು ಬಾಚಣಿಗೆ, ಮುದ್ದೆ ತೊಳಸುವ ಕೋಲು!

ಮಾವ ಕಣ್ಣುಬಿಟ್ಟು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಲೇ ಅಳಿಯಾ, ಸೀರೆ ಯಾಕಂತೆ ಕೇಳು" ಅಂದ. ಕೊನೆಗೆ ಟಗರಿನ ಕೆಲಸ ನನ್ನ ಪಾಲಿಗೆ ಬಂತು! ಕೇಳೋಣವೆಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ, ಮಾವನನ್ನೇ ನೋಡಿ ಅಂದಳು:

"ನೀನೊಬ್ನೇ ಹೋದ್ರೆ ಅಲ್ಲಿ ನಿಂಗೆ ಮುದ್ದೆ ಯಾರು ಮಾಡಿ ಹಾಕ್ತಾರೆ?"

ಮಾವನ ಬಾಯಿ ಮತ್ತೆ ತೆರೆದುಕೊಂಡಿತು. ಈ ಸಲ ಮುಚ್ಚು ಅನ್ನಲು ನನಗೆ ಮನಸ್ಸಾಗಲಿಲ್ಲ. ಅವನು ಮೆಲ್ಲಗೆ ಕೇಳಿದ:

"ಈಗ ನಾನು ಮಾತಾಡಬೌದೇನೆ?"

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು "ಹೂಂ" ಅಂದಳು.

"ಆವತ್ತು ಸಾರಿಗೆ ಉಪ್ಪು ಸರಿಯಾಗೇ ಇತ್ತು ಕಣೆ."