ಜಿಮ್ಮಿಯ ಕಣ್ಣು, ಅತ್ತೆಯ ಹಟ

ನಮ್ಮ ಮನೆಯಲ್ಲಿ ಯಾವ ಕೆಲಸವೂ ಹೊರಟ ಹಾಗೆ ಮುಗಿದದ್ದಿಲ್ಲ ಮಾರಾಯ್ರೆ. ನಾಯಿಯ ಕಣ್ಣು ತೋರಿಸಲು ಹೋದದ್ದೂ ಹಾಗೇ ಆಯ್ತು.

ನಾನು ಹೊಸನಗರದಲ್ಲಿ ಬ್ಲೌಸ್ ಹೊಲಿಯುವವಳು. ಮನೆಯಲ್ಲಿ ನನ್ನ ಅತ್ತೆ, ಅವರ ಮುದ್ದಿನ ನಾಯಿ ಜಿಮ್ಮಿ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದು ಮೂರು ವರ್ಷವಾಗಿತ್ತು. ಆಪರೇಷನ್ ಅಂದರೆ ಸಾಕು, "ಕತ್ತರಿ ಹಾಕಿಸ್ಕೊಳ್ಳೋಕೆ ನಾನೆಂತ ನಿನ್ನ ಬ್ಲೌಸ್ ಪೀಸಾ?" ಅಂತ ಜಗಳಕ್ಕೇ ಬರುತ್ತಿದ್ದರು. ಎಲ್ಲಿ ಬಚ್ಚಲಲ್ಲಿ ಜಾರಿ ಬೀಳುತ್ತಾರೋ ಅಂತ ನನಗೆ ದಿನಾ ಹೆದರಿಕೆ.

ನಡುಮನೆಯ ಡಿಕ್ಕಿ

ಒಂದು ಬೆಳಿಗ್ಗೆ ಅತ್ತೆ ಕಾಫಿ ಹಿಡಿದು ಅಡುಗೆಮನೆಯಿಂದ ಬಂದರು, ಜಿಮ್ಮಿ ಜಗಲಿಯಿಂದ ಬಂತು. ನಡುಮನೆಯಲ್ಲಿ ಇಬ್ಬರಿಗೂ ಡಿಕ್ಕಿ.

"ಕಣ್ಣು ಕಾಣೋದಿಲ್ವಾ ನಿಂಗೆ?" ಎಂದು ಅತ್ತೆ ಬೈದರು. ಜಿಮ್ಮಿಯೂ ಬೊಗಳಿತು, ಅದೂ ಅದನ್ನೇ ಕೇಳಿರಬೇಕು.

ಮಾರನೇ ದಿನವೂ ಅದೇ ಕತೆ. ಅನುಮಾನ ಬಂದು ಜಿಮ್ಮಿಯ ಮುಖ ಹಿಡಿದು ನೋಡಿದೆ. ಕಣ್ಣೊಳಗೆ ಬೆಳ್ಳಗೆ ಪೊರೆ! ಅತ್ತೆ ಅಳುವುದಕ್ಕೇ ಶುರು ಮಾಡಿದರು.

"ಅಯ್ಯೋ ಪಾಪದ್ದು! ಬೇಗ ತೋರಿಸ್ಬೇಕು. ಇಂಥದ್ದನ್ನೆಲ್ಲ ಮುಂದಕ್ಕೆ ಹಾಕಬಾರದು."

ಅದೇ ಮಾತನ್ನು ಅವರಿಗೇ ತಿರುಗಿಸಿ ಹೇಳಿದ್ದರೆ ಅವತ್ತು ನನಗೆ ಊಟ ಇರುತ್ತಿರಲಿಲ್ಲ.

ಹತ್ತಿ ಪರೀಕ್ಷೆ

ಪ್ರಾಣಿಗಳ ಕಣ್ಣಿನ ಡಾಕ್ಟರೊಬ್ಬರು ತಿಂಗಳಿಗೊಮ್ಮೆ ಸಾಗರಕ್ಕೆ ಬರುತ್ತಾರೆಂದು ತಿಳಿದು ಅಲ್ಲಿಗೇ ಹೋದೆವು. ಡಾಕ್ಟರು ಜಿಮ್ಮಿಯ ಎಡಗಣ್ಣು ಮುಚ್ಚಿ, ಒಂದು ಹತ್ತಿಯುಂಡೆಯನ್ನು ಮೇಲಿನಿಂದ ಬಿಟ್ಟರು. ಜಿಮ್ಮಿ ಅದು ಬಿದ್ದ ಕಡೆ ತಲೆ ತಿರುಗಿಸಿತು.

"ಬಲಗಣ್ಣು ಸ್ವಲ್ಪ ಕಾಣ್ತದೆ" ಎಂದರು ಡಾಕ್ಟರು.

"ಬರೀ ಕೈ ಆಡಿಸಿದ್ರೆ ಅದಕ್ಕೆ ಹೇಗೆ ಗೊತ್ತಾಗ್ಬೇಕು ಡಾಕ್ಟ್ರೇ? ಏನಾದ್ರೂ ಹಾಕಿ" ಎಂದರು ಅತ್ತೆ.

ಡಾಕ್ಟರು ಒಮ್ಮೆ ನನ್ನನ್ನು ನೋಡಿ, ಇನ್ನೊಂದು ಉಂಡೆ ಬಿಟ್ಟರು. ಜಿಮ್ಮಿ ಮತ್ತೆ ತಿರುಗಿತು.

"ಹಾಕಿ, ಹಾಕಿ, ನೋಡ್ತಾ ಇದ್ದೀನಿ" ಎಂದರು ಅತ್ತೆ.

ಡಾಕ್ಟರು ನಿಧಾನಕ್ಕೆ ಹೇಳಿದರು, "ಅಮ್ಮಾ, ನಿಮಗಿಂತ ನಾಯಿಯೇ ವಾಸಿ."

ಕೊರಳಿನ ಬುಟ್ಟಿ

ಶಿವಮೊಗ್ಗದಲ್ಲಿ ಅದೇ ಡಾಕ್ಟರು ಜಿಮ್ಮಿಗೆ ಆಪರೇಷನ್ ಮಾಡಿ, ಕೊರಳ ಸುತ್ತ ಅಗಲ ಬಾಯಿಯ ಪ್ಲಾಸ್ಟಿಕ್ ಬುಟ್ಟಿ ಕಟ್ಟಿದರು. "ಕಾಲಲ್ಲಿ ಕಣ್ಣು ಉಜ್ಜಿಕೊಂಡ್ರೆ ಎಲ್ಲ ಹಾಳು. ಇದು ಇರ್ಲೇಬೇಕು" ಎಂದರು.

ಅತ್ತೆಗೆ ಆಪರೇಷನ್‌ಗಿಂತ ಆ ಬುಟ್ಟಿಯ ಮೇಲೇ ನಂಬಿಕೆ ಬಂತು. ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು. ಹೊತ್ತು ಹೊತ್ತಿಗೆ ಡ್ರಾಪ್ಸ್ ನಾನೇ ಹಾಕಿದೆ, ಅವರು ಹಾಕಿದರೆ ಮೂಗಿಗೆ ಬೀಳುತ್ತಿತ್ತು.

ಬುಟ್ಟಿ ಬಿಚ್ಚಿದ ದಿನ ಅತ್ತೆ ಕಾಫಿ ಹಿಡಿದು ಬಂದರು. ಜಿಮ್ಮಿ ಅವರನ್ನು ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಅತ್ತೆ ಅಲ್ಲೇ ನಿಂತುಬಿಟ್ಟರು.

"ಇನ್ನು ಡಿಕ್ಕಿ ಹೊಡೆಯೋಳು ನಾನೊಬ್ಬಳೇ ಅಲ್ವಾ? ನಂಗೂ ಮಾಡಿಸು ಮಾರಾಯ್ತಿ. ಆದ್ರೆ ಆ ಡಾಕ್ಟ್ರ ಹತ್ರಾನೇ."

ಪ್ರಾಣಿಗಳ ಡಾಕ್ಟರು ಮನುಷ್ಯರನ್ನು ಮುಟ್ಟುವ ಹಾಗಿಲ್ಲ ಎಂದು ಅತ್ತೆಯನ್ನು ಒಪ್ಪಿಸುವಷ್ಟರಲ್ಲಿ ಎರಡು ಬ್ಲೌಸಿಗೆ ತೋಳು ಉಲ್ಟಾ ಹೊಲಿದಿದ್ದೆ.

ಅತ್ತೆಯ ಸರದಿ

ಕೊನೆಗೆ ತೀರ್ಥಹಳ್ಳಿಯಲ್ಲಿ ಅತ್ತೆಯ ಒಂದು ಕಣ್ಣಿಗೆ ಆಪರೇಷನ್ ಆಯಿತು. ಮರುದಿನ ಪಟ್ಟಿ ತೆಗೆದಾಗ ಅತ್ತೆ ನನ್ನನ್ನೇ ದಿಟ್ಟಿಸಿ, "ಎಂತ ಹುಡುಗಿ, ಇಷ್ಟೊಂದು ಸೊರಗಿದ್ದೀಯ?" ಎಂದು ಕೆನ್ನೆ ಸವರಿದರು. ಮೂರು ವರ್ಷದ ಹೆದರಿಕೆ ಇಳಿದು ನನಗೆ ಅಳುವೇ ಬಂತು.

ಅಲ್ಲಿಯ ಡಾಕ್ಟರು ಕಪ್ಪು ಕನ್ನಡಕ ಕೊಟ್ಟು, "ಕಣ್ಣು ಉಜ್ಜಬಾರದು ಅಮ್ಮಾ" ಎಂದರು.

ಅತ್ತೆ ಕನ್ನಡಕ ತಿರುಗಿಸಿ ನೋಡಿದರು. "ಇದಷ್ಟೇನಾ? ಬುಟ್ಟಿ ಎಲ್ಲಿ?"

"ಯಾವ ಬುಟ್ಟಿ?"

"ಕೊರಳಿಗೆ ಕಟ್ಟೋದು. ನಿದ್ದೇಲಿ ಉಜ್ಜಿಕೊಂಡ್ರೆ ಎಂತ ಗತಿ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ನಿಮ್ಮ ಹತ್ರ ಇರೋದಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು" ಎನ್ನುತ್ತಾ ಅತ್ತೆ ಕೈಚೀಲದಿಂದ ಜಿಮ್ಮಿಯ ಬುಟ್ಟಿ ಹೊರಗೆ ತೆಗೆದರು. "ತೊಳೆದು, ಒಣಗಿಸಿ ತಂದಿದ್ದೀನಿ. ಕಟ್ಟಿ ಡಾಕ್ಟ್ರೇ."